ಕೊನೆಯ ಕರೆ

ಏರ್‌ಪೋರ್ಟಿನ ನೈಟ್ ಡ್ಯೂಟಿ ಮುಗಿಸಿ ಆವತಿ ಹಳ್ಳಿಯ ಮನೆಗೆ ಬಂದ ಚೈತ್ರ, ಹಿತ್ತಲಲ್ಲಿ ಕೋಳಿಗಳಿಗೆ ಕಾಳು ಎರಚುತ್ತ ನಿಂತಲ್ಲೇ ತೂಕಡಿಸಿದಳು. ಹೊಂಗೆಹೂವಿಗೂ ಜೇನುಪೆಟ್ಟಿಗೆಗೂ ಓಡಾಡುವ ಹುಳುಗಳ ಗುಂಯ್ ಅನ್ನುವ ಸದ್ದು ಅವಳ ಕಿವಿಗೆ ಇನ್ನೂ ಏರ್‌ಪೋರ್ಟಿನ ಗದ್ದಲದಂತೆಯೇ ಕೇಳುತ್ತಿತ್ತು. ಆ ಮಂಪರಿನಲ್ಲಿ, ರಾತ್ರಿಯೆಲ್ಲ ಮೈಕಿನಲ್ಲಿ ಹೇಳಿದ್ದನ್ನೇ ಬಾಯಿ ತಾನಾಗಿ ನಯವಾಗಿ ಹೇಳಿತು: "ಪ್ರಯಾಣಿಕರ ಗಮನಕ್ಕೆ, ಇದು ಕೊನೆಯ ಕರೆ."

ಪಾತ್ರೆ ಬೆಳಗುತ್ತಿದ್ದ ಅತ್ತೆ ಮುನಿವೆಂಕಟಮ್ಮನ ಕೈ ನಿಂತಿತು. ಕಳೆದ ತಿಂಗಳು ಚೈತ್ರ ಗೂಡಿನ ಬಾಗಿಲು ಹಾಕಲು ಮರೆತ ದಿನವೇ ಕೆಂಪು ಹ್ಯಾಟೆಕೋಳಿ ಕಾಣೆಯಾಗಿತ್ತು. ಅದು ಮುಂಗುಸಿಯ ಪಾಲಾಯಿತೆಂದು ಅತ್ತೆ ಸೊಸೆಯೊಡನೆ ಮಾತೇ ಬಿಟ್ಟಿದ್ದರು. ಏನು ಹೇಳುವುದಿದ್ದರೂ ಗೋಡೆಗೆ ಹೇಳುತ್ತಿದ್ದರು.

ಅಷ್ಟರಲ್ಲಿ ಸಿಹಿಗುಂಬಳದ ಬಳ್ಳಿ ಅಲುಗಿತು. ಹೂವಿನ ಪುಡಿ ಬೆನ್ನಿಗೆ ಮೆತ್ತಿಕೊಂಡು, ಕದ್ದು ಕಾವು ಕೂತು ಬಡವಾದ ಅದೇ ಕೆಂಪು ಹ್ಯಾಟೆ ಮೆಲ್ಲಗೆ ಹೊರಬಂತು. ಅದರ ಹಿಂದೆ, ಕುಂಬಳದ ಹೂವುಗಳೇ ಕಾಲು ಬಂದು ನಡೆದ ಹಾಗೆ, ಹಳದಿ ಮರಿಗಳು.

ಕನಸೋ ಏನೋ ಎಂದು ಚೈತ್ರ ಕಣ್ಣುಜ್ಜಿಕೊಂಡಳು. ಅತ್ತೆ ಬೂದಿಗೈಯನ್ನು ಸೆರಗಿಗೆ ಒರೆಸುತ್ತ ಎದ್ದರು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

"ಇನ್ನೊಂದ್ ಸಲ ಕೂಗವ್ವ," ಅಂದರು, "ಒಳಗಿನ್ನೂ ಯಾರಾದ್ರೂ ಉಳ್ಕೊಂಡವ್ರೇನೋ."