ಮೂರು ಗಂಟೆಯ ಗೆರೆ

"ನಿನ್ನ ಕಣ್ಣು ಮುಖದ ಮೇಲಿದೆಯೋ, ತೆಗೆದು ಜೇಬಲ್ಲಿಟ್ಕೊಂಡಿದ್ದೀಯೋ? ಅಷ್ಟು ಕೆಂಪಗೆ ಗೆರೆ ಬಿದ್ದಿದ್ರೆ ಕುರುಡನೂ ಕಟ್ತಿದ್ದ!"

"ಬಿದ್ದಿದ್ರೆ ತಾನೇ? ಗೆರೆ ಇರ್ಲಿಲ್ಲ ಕಣೋ."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!"

ಹಾಗೆಂದ ತಮ್ಮ, ಅಣ್ಣನ ಕಣ್ಣೆದುರೇ ಬಾಟಲಿಯ ನೀರನ್ನು ಅಡುಗೆ ಕಟ್ಟೆಯ ಮೇಲೆ ಸುರಿದ. ಸಿಂಕಿನ ಕಡೆ ಬರಬೇಕಾದ ನೀರು ಗೋಡೆಯ ಮೂಲೆಗೆ ಓಡಿ ನಿಂತಿತು. ಹೊಸ ಮನೆಯ ಮಹಡಿ, ಹೊಸ ಕಪ್ಪು ಕಲ್ಲು, ಕೂರಿಸಿ ಎರಡೇ ದಿನ. ಕೂರಿಸಿದವನು ಅಣ್ಣ, ಮೂವತ್ತು ವರ್ಷ ಕರಣೆ ಹಿಡಿದ ಕೈ. ಗುತ್ತಿಗೆ ತಮ್ಮನದು, ಗೋಡೆಗೆ ಕೆಂಪು ಗೆರೆ ಬಿಟ್ಟು ಮಟ್ಟ ತೋರಿಸುವ ಲೇಸರ್ ಮಿಷನ್ನೂ ತಮ್ಮನದು. ಅಣ್ಣ ನೀರು ತುಂಬಿಸಿ ಮಟ್ಟ ನೋಡುತ್ತಿದ್ದ ಹಳೆಯ ಪೈಪನ್ನು "ಮ್ಯೂಸಿಯಮ್ಮಿಗೆ ಕೊಡು" ಎಂದು ಬಿಸಾಡಿಸಿದವನೂ ಅವನೇ.

"ಮೊನ್ನೆ ಮೂರು ಗಂಟೆಗೆ ಫೋನ್ ಮಾಡಿದ್ನೋ ಇಲ್ವೋ?" ಅಣ್ಣನ ದನಿ ಏರಿತು. "ಕಿಟಕಿಯಿಂದ ಬಿಸಿಲು ನೇರ ಗೋಡೆಗೆ ಹೊಡೀತಿದೆ, ಮಿಷನ್ ಹತ್ರ ಒಂದು ಮೊಳ ಬಿಟ್ರೆ ಗೆರೆ ಕಾಣ್ತಿಲ್ಲ ಅಂದೆ. ನೀನೇನಂದೆ?"

"ಮಿಷನ್ ಉರೀತಿದೆ ತಾನೇ, ಕಟ್ಟು ಅಂದೆ."

"ಕಟ್ಟಿದೆ. ಈಗ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!"

ತಮ್ಮನಿಗೂ ಇದು ಗೊತ್ತಿತ್ತು. ಮಿಷನ್ ಮಾರಿದ ಅಂಗಡಿಯವನು ಅದನ್ನು ಮೊದಲು ಒಳಗಿನ ಗೋಡೆಗೆ ಹಿಡಿದಿದ್ದ, ಆಮೇಲೆ ಬಿಸಿಲು ಬಿದ್ದ ಹೊಸ್ತಿಲ ಕಲ್ಲಿಗೆ. ಕಲ್ಲಿನ ಮೇಲೆ ಗೆರೆ ಮಾಯ. ಅಂಗೈ ಅಡ್ಡ ಹಿಡಿದು ನೆರಳು ಮಾಡಿದರೆ, ಆ ನೆರಳಿನಷ್ಟೇ ಅಗಲಕ್ಕೆ ಮತ್ತೆ ಕೆಂಪು. "ಗೆರೆ ಅಷ್ಟೇ ಇದೆ ಸಾರ್. ಅದು ಎಷ್ಟು ಬೆಳಗುತ್ತೆ ಅನ್ನೋದಲ್ಲ, ಹಿಂದಿರೋ ಗೋಡೆಗಿಂತ ಎಷ್ಟು ಪಟ್ಟು ಜಾಸ್ತಿ ಅನ್ನೋದು ಮುಖ್ಯ. ಕಣ್ಣು ಹಿಡಿಯೋದು ಆ ವ್ಯತ್ಯಾಸಾನೇ. ಬಿಸಿಲಲ್ಲಿ ನಂಬ್ಕೊಂಡು ಕೂರ್ಬೇಡಿ" ಅಂದಿದ್ದ. ತಮ್ಮ ಒಂದಕ್ಷರವನ್ನೂ ಮರೆತಿರಲಿಲ್ಲ. ಆದರೆ ಈ ಮನೆಯ ಯಜಮಾನಿಯ ಮುಂದೆ "ನಮ್ಮಲ್ಲಿ ಕಣ್ಣಳತೆ ಇಲ್ಲ ಮೇಡಂ, ಎಲ್ಲ ಮಿಷನ್ನು. ಅದು ತಪ್ಪೋದಿಲ್ಲ" ಎಂದು ಎದೆ ತಟ್ಟಿಕೊಂಡು ಹೇಳಿಬಿಟ್ಟಿದ್ದ. ಈಗ ತಪ್ಪಿದ್ದು ಒಂದೋ ಮಿಷನ್ನು, ಇಲ್ಲ ಅಣ್ಣ.

ಯಜಮಾನಿ ಬಂದಾಗ ಹೊತ್ತು ಮುಳುಗಿತ್ತು. ತಮ್ಮ ಬೇಕೆಂದೇ ಅಷ್ಟು ತಡವಾಗಿ ಕರೆದಿದ್ದ. ನೀರು ನಿಂತ ಮೂಲೆ ತೋರಿಸಿ, ಅಣ್ಣನಿಗೆ ಗೆರೆ ಕಾಣಲಿಲ್ಲವಂತೆ ಎಂದು ಹೇಳಿ ಮಿಷನ್ನಿನ ಗುಂಡಿ ಒತ್ತಿದ. ಮಬ್ಬು ಗೋಡೆಯ ಮೇಲೆ ಈ ತುದಿಯಿಂದ ಆ ತುದಿಗೆ, ಚಾಕುವಿನಲ್ಲಿ ಗೀರಿದಂತೆ ಕೆಂಪು ಗೆರೆ ಎದ್ದಿತು.

"ಅಯ್ಯೋ, ಇಷ್ಟು ಚೆನ್ನಾಗಿ ಕಾಣುತ್ತಲ್ಲ!" ಯಜಮಾನಿ ಅಣ್ಣನ ಕಡೆ ತಿರುಗಿದರು. ಬೈದಿದ್ದರೆ ವಾಸಿಯಿತ್ತು, ಅವರ ದನಿಯಲ್ಲಿದ್ದದ್ದು ಕನಿಕರ. "ಇದು ನಿಮಗೆ ಕಾಣಿಸ್ಲೇ ಇಲ್ವಾ ಮೇಸ್ತ್ರಿ? ಒಂದ್ಸಲ ಕಣ್ಣು ತೋರಿಸ್ಕೊಳ್ಳಿ."

ಅಣ್ಣ ತಮ್ಮನನ್ನೇ ನೋಡಿದ. "ನೀನು ಹೇಳಪ್ಪ. ಮೂರು ಗಂಟೆ ಬಿಸಿಲಲ್ಲಿ ಇದು ಕಾಣುತ್ತಾ?"

ತಮ್ಮ ಬಗ್ಗಿ ಮಿಷನ್ನಿನ ಮೇಲಿನ ಧೂಳು ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. "ವಯಸ್ಸಾಯ್ತು ಮೇಡಂ. ಮನೇಲೂ ಹೇಳ್ತಾನೇ ಇದೀವಿ, ಕೇಳಲ್ಲ. ಇನ್ಮೇಲೆ ಗಾರೆ ಕಲಸೋಕಷ್ಟೇ ಹಾಕ್ತೀನಿ."

ಅಣ್ಣ ಕರಣೆಯನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದ, ಪಂಚೆಯ ತುದಿಯಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡ.

"ನಿಲ್ಲಿ, ಟಾರ್ಚ್ ಹಿಡೀತೀನಿ" ಎಂದರು ಯಜಮಾನಿ. ಅಣ್ಣ ನಿಲ್ಲಲಿಲ್ಲ. ಇನ್ನೂ ಕಂಬಿ ಹಾಕದ ಮೆಟ್ಟಿಲನ್ನು ಇಳಿದ. ಅಂಗಳದ ತುಂಬ ಆ ಸಂಜೆಯಷ್ಟೇ ತಂದು ಚೆಲ್ಲಿದ್ದ ಕಬ್ಬಿಣದ ಸರಳುಗಳು. ಅರೆಗತ್ತಲಲ್ಲಿ, ಒಂದನ್ನೂ ತುಳಿಯದೆ, ಕಾಲಿಡುವ ಜಾಗ ಆರಿಸಿ ಆರಿಸಿ ದಾಟಿ ಬೀದಿಗಿಳಿದ. ಆ ಕೆಲಸಕ್ಕಾಗಲಿ ತಮ್ಮನ ಮನೆಗಾಗಲಿ ಅವನು ಮತ್ತೆಂದೂ ಬರಲಿಲ್ಲ.

ಮಹಡಿಯಿಂದ ಬಗ್ಗಿ ನೋಡುತ್ತಿದ್ದ ಯಜಮಾನಿ ನಿಟ್ಟುಸಿರುಬಿಟ್ಟರು. "ಪಾಪ, ಕಣ್ಣು ಹೋದ್ರೂ ಕಾಲಿಗೆ ದಾರಿ ಗೊತ್ತಿದೆ."

"ಹೌದು ಮೇಡಂ" ಎಂದ ತಮ್ಮ.