ಹೊಗೆಯಿಲ್ಲದ ಭಾನುವಾರ

ಶ್ಯಾಮಲಾ ಕಣ್ಣು ಬಿಡುವ ಮೊದಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಷ್ಟು ರೂಢಿಯಾಗಿಹೋಗಿತ್ತು. ಆಮೇಲೆ ಸೆರಗು ಸರಿಸಿ, ಅನುಮಾನದಿಂದಲೇ ಒಂದು ಉಸಿರು ಎಳೆದುಕೊಂಡಳು. ಹೊಗೆ ಇರಲಿಲ್ಲ.

ಭಾನುವಾರ, ಸ್ಕೂಲಿಗೆ ರಜೆ, ಹೊತ್ತೇರುವವರೆಗೆ ಮಲಗಿಬಿಟ್ಟಿದ್ದಳು. ಇಷ್ಟು ಹೊತ್ತಿಗೆ ಪಕ್ಕದ ಮನೆ ಗಿರಿಯಮ್ಮನ ಒಲೆ ಧಗಧಗ ಉರಿದು, ನಡುಗೋಡೆಯ ಮೇಲಿನ ಹೆಂಚಿನ ಸಂದಿಯಿಂದ ಹೊಗೆಯೆಲ್ಲ ಇವಳ ಮನೆಗೆ ಇಳಿದಿರಬೇಕಿತ್ತು. ಹಳೇಬೀಡಿನ ಆ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಬ್ಬರು ಒಗ್ಗರಣೆ ಹಾಕಿದರೆ ಇನ್ನೊಬ್ಬರು ಸೀನಬೇಕು. ಗ್ಯಾಸ್ ಇದ್ದದ್ದು ಬೀದಿಯವರು ಟೀಚರಮ್ಮ ಎನ್ನುತ್ತಿದ್ದ ಇವಳ ಮನೆಯಲ್ಲಿ ಮಾತ್ರ.

ಹಿತ್ತಲ ಬಾಗಿಲು ತೆರೆದು ನೋಡಿದಳು. ಗಿರಿಯಮ್ಮನ ಮನೆಯೊಂದೇ ಅಲ್ಲ. ಬೀದಿಯ ಉದ್ದಕ್ಕೂ ಯಾವ ಹೆಂಚಿನ ಮೇಲೂ ಹೊಗೆಯ ಸುಳಿವಿರಲಿಲ್ಲ.

ತನ್ನ ಮಟ್ಟಿಗಾದರೆ ಅವಳು ಹೇಗೋ ಸಹಿಸಿಕೊಳ್ಳುತ್ತಿದ್ದಳು. ಗಂಡ ಗುರುಮೂರ್ತಿಗೆ ಆಗುತ್ತಿರಲಿಲ್ಲ. ಅವನಿಗೆ ದಮ್ಮು. ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ಜೊತೆಯ ಗುಮಾಸ್ತರೊಂದಿಗೆ ಅಲ್ಲೇ ರೂಮು, ಇವಳು ಹೋಗಿ ಇರುವ ಹಾಗಿರಲಿಲ್ಲ. ಶನಿವಾರ ಸಂಜೆಯ ಬಸ್ಸಿಗೆ ಬಂದು ಭಾನುವಾರ ಇರುತ್ತಿದ್ದ. ಇರುವುದೆಂದರೇನು, ಗೋಡೆಗೆ ಒರಗಿ ಕೂತು ಕೆಮ್ಮುತ್ತಿದ್ದ. "ಈ ಹೊಗೇಲಿ ಆಗಲ್ಲ ಕಣೇ, ಚಳಿಗಾಲ ಕಳೀಲಿ, ಬರ್ತೀನಿ" ಎಂದು ದೀಪಾವಳಿ ಮುಗಿಸಿ ಹೋದವನು ಮತ್ತೆ ಬಂದಿರಲಿಲ್ಲ.

ಅವನು ಬರಬೇಕಾದರೆ ಹೊಗೆ ಹೋಗಬೇಕು. ಶ್ಯಾಮಲಾಗೆ ಬೇಕಿದ್ದದ್ದು ಅಷ್ಟೇ. ಗಿರಿಯಮ್ಮನಿಗೆ ಹೇಳಿ ನೋಡಿದಳು, ಬೇಡಿಕೊಂಡಳು, ಕೊನೆಗೆ ಬೀದಿಯಲ್ಲಿ ನಿಂತು ಜಗಳವನ್ನೂ ಆಡಿದಳು.

"ಭಾನುವಾರ ಒಂದು ದಿನ ಒಲೆ ಆರಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನಿಮ್ ಯಜಮಾನ್ರು ಬತ್ತಾರೆ ಅಂತ ಬೀದಿಯೋರೆಲ್ಲ ಉಪಾಸ ಬೀಳಾಕಾಯ್ತದಾ ಟೀಚರಮ್ಮ?" ಎಂದಿದ್ದಳು ಗಿರಿಯಮ್ಮ.

ಶ್ಯಾಮಲಾ ಪಂಚಾಯಿತಿಗೆ ದೂರು ಕೊಟ್ಟಳು. ಪಂಚಾಯಿತಿಯವರು ನಕ್ಕು ಕಳಿಸಿದರು. ಬೀದಿಯವರು ನಗಲಿಲ್ಲ, ಮಾತು ಬಿಟ್ಟರು. ನಲ್ಲಿಯ ಹತ್ತಿರ ಇವಳು ಕೊಡ ಇಟ್ಟರೆ ಅಲ್ಲಿಯವರೆಗೆ ಕಲಕಲ ಎನ್ನುತ್ತಿದ್ದವರೆಲ್ಲ ನೀರು ನೋಡುತ್ತ ನಿಲ್ಲುತ್ತಿದ್ದರು. ಸಂಜೆ ಸ್ಕೂಲಿನಿಂದ ಬಂದು ಬಾಗಿಲು ಹಾಕಿಕೊಂಡರೆ ಮಾರನೆಯ ದಿನ ಹಾಜರಿ ಕೂಗುವವರೆಗೆ ಅವಳು ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಒಬ್ಬಳೇ ಉಣ್ಣುವಾಗ ಎಷ್ಟೋ ಸಲ ಅಳು ಬಂದಿತ್ತು. ಹೊಗೆಗೆ ಕಣ್ಣುರಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಈಗ ನೋಡಿದರೆ, ಗೆದ್ದಿದ್ದಳು!

ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು ಬೀದಿಗಿಳಿದಳು. ಎದುರುಮನೆಯ ಕಮಲಾಕ್ಷಮ್ಮ ಜಗಲಿಯ ಮೇಲೆ ಮೊಮ್ಮಗಳಿಗೆ ಕಡಲೆಪುರಿ ತಿನ್ನಿಸುತ್ತಿದ್ದವಳು ಇವಳನ್ನು ಕಂಡು ತಟ್ಟನೆ ಎದ್ದು ಮಗುವನ್ನು ಒಳಗೆ ಕರೆದುಕೊಂಡು ಹೋದಳು. ಗಿರಿಯಮ್ಮ ತನ್ನ ಬಾಗಿಲಲ್ಲಿ ಕೆನ್ನೆಗೆ ಕೈಕೊಟ್ಟು ಕೂತಿದ್ದಳು. ಇಷ್ಟು ದಿನ ಮುಖ ತಿರುಗಿಸುತ್ತಿದ್ದವಳು ಇವತ್ತು ಕಣ್ಣಿಟ್ಟು ನೋಡಿದಳು. ಏಳಹೋಗಿ ಮತ್ತೆ ಹೊಸಿಲ ಮೇಲೆ ಕೂತಳು. ಪಾಪ, ತುಂಬಾ ಬಯ್ದುಬಿಟ್ಟೆನೇನೋ ಎಂದು ಶ್ಯಾಮಲಾಗೆ ಮೊದಲ ಸಲ ಅನ್ನಿಸಿತು.

ನಂಜಪ್ಪನ ಅಂಗಡಿಯ ಬಾಗಿಲು ಅರ್ಧ ಹಾಕಿತ್ತು. ಬೀದಿಗೆಲ್ಲ ಇದ್ದ ಒಂದೇ ಫೋನು ಅಲ್ಲಿತ್ತು.

"ಅರಸೀಕೆರೆಗೆ ಒಂದು ಫೋನ್ ಮಾಡಬೇಕಿತ್ತು ನಂಜಪ್ಪನೋರೆ. ನಮ್ಮನೆಯವರಿಗೆ."

ನಂಜಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಫೋನಿನ ಮೇಲೆ ಹಾಕಿದ. "ಲೈನ್ ಇಲ್ಲ ಟೀಚರಮ್ಮ."

"ಹೊಗೆ ನಿಂತಿದೆ, ಈಗಲೇ ಹೊರಟು ಬನ್ನಿ ಅಂತ ಹೇಳೋಣ ಅಂದ್ಕೊಂಡೆ."

ಅವನು ಅವಳ ಮುಖ ನೋಡಲಿಲ್ಲ. "ಬತ್ತಾರೆ ಬುಡಿ," ಎಂದ. "ನೀವು ಮನೆಗೋಗಿ ಕೂತ್ಕಳಿ."

ಎಷ್ಟೋ ದಿನದ ಮೇಲೆ ಬೀದಿಯ ಒಬ್ಬರ ಬಾಯಿಂದ ಬಂದ ಮಾತು. ಅದೂ ಮೆತ್ತಗೆ. ಶ್ಯಾಮಲಾಗೆ ಊರವರು ಒರಟಾದರೂ ಮನಸ್ಸು ಕೆಟ್ಟದ್ದಲ್ಲ ಅನ್ನಿಸಿತು. ಗುರುಮೂರ್ತಿ ಬಂದ ಮೇಲೆ ಇಬ್ಬರೂ ಹೋಗಿ ಗಿರಿಯಮ್ಮನ ಹತ್ತಿರ ತಪ್ಪಾಯಿತು ಅನ್ನಬೇಕು. ಸಾಧ್ಯವಾದರೆ ಅವಳಿಗೂ ಒಂದು ಗ್ಯಾಸ್ ಮಾಡಿಸಿಕೊಡಬೇಕು.

ಮನೆಗೆ ಬಂದವಳು ಕಿಟಕಿಗಳನ್ನೆಲ್ಲ ತೆರೆದಳು. ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಸ್ಟೌ ಹಚ್ಚಿ, ತುಪ್ಪ ಕಾಯಿಸಿ, ಕೇಸರಿಭಾತಿಗೆ ರವೆ ಹುರಿಯತೊಡಗಿದಳು. ಅವನಿಗೆ ಅದೆಂದರೆ ಪ್ರಾಣ. ಘಮ ನಡುಗೋಡೆ ದಾಟಿ ಹೋಗುತ್ತಿದೆ ಎಂದು ಗೊತ್ತಾಗಿ, ಇವತ್ತು ನನ್ನ ಸರದಿ ಎಂದು ನಗುವೂ ಬಂತು.

ಹಿಂದಿನಿಂದ ಹೆಜ್ಜೆ ಸದ್ದಾಯಿತು. ಕರೆಯದೆ, ಕೇಳದೆ, ಗಿರಿಯಮ್ಮ ನೇರ ಅಡುಗೆಮನೆಗೇ ಬಂದು ನಿಂತಿದ್ದಳು. ಬಾಗಿಲಾಚೆ ಬೀದಿಯ ಹೆಂಗಸರೆಲ್ಲ ಸೇರಿದ್ದರು.

"ಅದ ಆರ್ಸಿ ಟೀಚರಮ್ಮ."

ಶ್ಯಾಮಲಾಗೆ ರೇಗಿತು. "ನಿಮ್ಮ ಒಲೆ ಆರಿಸಿ ಅಂದಿದ್ದಕ್ಕೆ ಹೀಗೆ ಸೇಡು ತೀರಿಸ್ಕೊಳ್ತೀರಾ? ಇದರಲ್ಲಿ ಹೊಗೆ ಎಲ್ಲಿ ಬರುತ್ತೆ?"

ಗಿರಿಯಮ್ಮ ಜಗಳಕ್ಕೆ ಬರಲಿಲ್ಲ. ಸೌಟು ಹಿಡಿದಿದ್ದ ಶ್ಯಾಮಲಾಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬೆಳಿಗ್ಗೆನೇ ಅರಸೀಕೆರೆಯಿಂದ ನಂಜಪ್ಪುಂಗೆ ಫೋನ್ ಬಂದಿತ್ತು ಕಣವ್ವ, ನಿಂಗೆ ಯೋಳಕ್ಕೆ ಯಾರ್ಗೂ ಬಾಯೇ ಬರ್ನಿಲ್ಲ. ಯಜಮಾನ್ರನ್ನ ವ್ಯಾನಲ್ಲಿ ತತ್ತಾವ್ರೆ. ಮಣ್ಣು ಮಾಡಗಂಟ ಈ ಬೀದೀಲಿ ಯಾರೂ ಒಲೆ ಹಚ್ಚಕ್ಕಿಲ್ಲ."