ಎರಡು ಬೆರಳು ಕಮ್ಮಿ

ಮುಚ್ಚಿದ ಅಂಗಡಿ ವರ್ಷಕ್ಕೊಂದು ಗೇಣು ಕುಗ್ಗುವುದು ಹುಬ್ಬಳ್ಳಿಯವರಿಗೆ ಹೊಸದಲ್ಲ. ಮಾಬುಬಿ ಅರ್ಧ ಬಾಡಿಗೆಗೆ ಹಿಡಿದದ್ದು ಆರು ವರ್ಷ ಮುಚ್ಚಿದ್ದ ಮಳಿಗೆ. ಮೊದಲ ದಿನ ನಿಂತರೆ ತಲೆ ಚಾವಣಿಗೆ ಬಡಿಯುತ್ತಿತ್ತು. ಗಿರಾಕಿಗಳು ಬಂದು ಕೂತರೆ ಅಂಗಡಿ ಮತ್ತೆ ಬೆಳೆಯುತ್ತದೆ. ಮೂರು ತಿಂಗಳಲ್ಲಿ ಒಂದು ಗೇಣು ಬೆಳೆಯದಿದ್ದರೆ ಪಾಲಿಕೆ ಬೀಗ ಹಾಕುತ್ತದೆ.

ಇವತ್ತು ಕೊನೆಯ ದಿನ. ಪಾಲಿಕೆಯ ಅಳತೆಯವ ಅಡಿವೆಪ್ಪ ಉದ್ದನೆಯ ಆಳು. ಬೆಳಿಗ್ಗೆಯೇ ಕತ್ತು ಬಗ್ಗಿಸಿ ಒಳಬಂದು ಟೇಪು ಹಿಡಿದ.

"ಎರಡು ಬೆರಳು ಕಮ್ಮಿ ಐತಿ, ಯಕ್ಕಾ. ನಾ ಏನ್ ಮಾಡ್ಲಿ?"

ಮಾಬುಬಿಯ ಸೂಜಿ ನಿಂತಿತು. ಚೀಲಗಳಿಗೆ ಜಿಪ್ ಹಾಕುವ ಈ ಕೆಲಸ ಹೋದರೆ ಮತ್ತೆ ಮಂದಿ ಮನೆಯ ಮುಸುರೆಯೇ ಗತಿ. ಅವಳ ಕಣ್ಣು ಅಡಿವೆಪ್ಪನ ಹೆಗಲ ಚೀಲದ ಮೇಲೆ ಬಿತ್ತು. ಅದರ ಜಿಪ್ ಬಾಯಿ ಬಿಟ್ಟಿತ್ತು.

"ಆಮ್ಯಾಲೆ ಬರಕೊಳ್ರಿ ಅಣ್ಣಾರ. ಇನ್ನೂ ಬೋಣಿಗಿ ಆಗಿಲ್ಲ. ಮೊದಲ ಬಂದವ್ರನ್ನ ಹಂಗ ಕಳಸಬಾರ್ದು. ಕುಂಡ್ರಿ, ಚೀಲ ಕೊಡ್ರಿ."

"ಅಳತಿಯವ ಗಿರಾಕಿ ಆಗಬಾರ್ದವಾ."

"ಹಂಗಂತ ಎಲ್ಲಿ ಬರದೈತಿ?"

ಎಲ್ಲಿಯೂ ಬರೆದಿರಲಿಲ್ಲ. ಅಡಿವೆಪ್ಪ ಕೂತ. ಚಹಾ ಬಂತು. ಅವನ ಹೆಂಡತಿಯ ಮೊಣಕಾಲು ನೋವಿನಿಂದ ಶುರುವಾದ ಮಾತು ಜಿಪ್ ಮುಗಿದ ಮೇಲೂ ಮುಗಿಯಲಿಲ್ಲ. ನಡುವೆ ಗೋಡೆ ಎರಡು ಸಲ ಲಟಕ್ ಎಂದಿತು. ಇಬ್ಬರೂ ಕೇಳಿಸದವರಂತೆ ಚಹಾ ಕುಡಿದರು.

ಕೊನೆಗೆ ಅವನು ಕೊಟ್ಟ ನೋಟನ್ನು ಮಾಬುಬಿ ಕಣ್ಣಿಗೊತ್ತಿಕೊಂಡಳು. ಅಡಿವೆಪ್ಪ ಬಂದಂತೆಯೇ ಕತ್ತು ಬಗ್ಗಿಸಿ ನಡೆದವನು ಬಾಗಿಲಲ್ಲಿ ನಿಂತು, ಮೇಲೆ ನೋಡಿ, ಮೆಲ್ಲಗೆ ನೆಟ್ಟಗಾದ. ತಲೆ ಎಲ್ಲೂ ತಾಗಲಿಲ್ಲ. ಟೇಪು ತೆಗೆಯದೆಯೇ "ಒಂದು ಗೇಣು" ಎಂದು ಬರೆದುಕೊಂಡ.